ಒಬ್ಬೊಬ್ಬರನ್ನೇ ಕೇಳಿದರೆ ಸೊನ್ನೆ

ರಾತ್ರಿಯಿಡೀ ಓಡಿದ ಪ್ರೋಗ್ರಾಂ ಬೆಳಿಗ್ಗೆ ಒಪ್ಪಿಸಿದ ವರದಿ ಹೀಗಿರುತ್ತದೆ: ಮೊದಲ ಸ್ಪಿನ್ ಸೊನ್ನೆ, ಎರಡನೆಯದು ಸೊನ್ನೆ, ನೂರನೆಯದೂ ಸೊನ್ನೆ. ಸೊನ್ನೆಯೆಂದರೆ ಅಪ್ಪಟ ಸೊನ್ನೆಯೂ ಅಲ್ಲ, 0.0000000000003 ಎಂಬಂಥ ಕಸ. ಇದನ್ನು ನೋಡಿ ನಾನು ನೆಮ್ಮದಿಯಿಂದ ಕಾಫಿ ಕುಡಿಯುತ್ತೇನೆ. ಬೇರೇನಾದರೂ ಬಂದಿದ್ದರೆ ಪ್ರೋಗ್ರಾಮಿಗೆ ಹುಳ ಹೊಕ್ಕಿದೆ ಎಂದರ್ಥ.

ಹೈಸನ್‌ಬರ್ಗ್ ಸರಪಳಿಯೆಂದರೆ ಸ್ಪಿನ್ ಎಂಬ ಪುಟ್ಟ ಕ್ವಾಂಟಂ ಅಯಸ್ಕಾಂತಗಳ ಸಾಲು. ಅಲ್ಲಿ ಪಕ್ಕದವನು ಮೇಲೆ ನೋಡಿದರೆ ತಾನು ಕೆಳಗೇ ನೋಡಬೇಕೆಂಬುದು ಪ್ರತಿ ಸ್ಪಿನ್ನಿನ ಹಟ. ಆದರೆ ಯಾವ ದಿಕ್ಕಿನ ಮೇಲೂ ವಿಶೇಷ ಪ್ರೀತಿಯಿಲ್ಲ. ಹಾಗಾಗಿ ಕನಿಷ್ಠ ಶಕ್ತಿಯ ಸ್ಥಿತಿಯಲ್ಲಿ ಒಂಟಿಯಾಗಿ ಹಿಡಿದು ಕೇಳಿದರೆ ಎಕ್ಸ್, ವೈ, ಜೆಡ್ ಮೂರೂ ಘಟಕಗಳ ಸರಾಸರಿ ಸೊನ್ನೆ. ಜಗಳ ಹೊರಬೀಳಬೇಕಾದರೆ ಇಬ್ಬರನ್ನು ಒಟ್ಟಿಗೆ ಕೂರಿಸಬೇಕು. ಇದಕ್ಕೆ ಸಹಸಂಬಂಧ ಎಂಬ ಗಂಭೀರ ಹೆಸರಿದೆ. ಉದ್ದನೆಯ ಸರಪಳಿಯಲ್ಲಿ ಅಕ್ಕಪಕ್ಕದವರ ಜೆಡ್-ಜೆಡ್ ಗುಣಲಬ್ಧದ ಸರಾಸರಿ ಮೈನಸ್ 0.1477. ಒಬ್ಬರನ್ನು ಬಿಟ್ಟು ಆಚೆಯವರದು ಪ್ಲಸ್ 0.0607, ವೈರಿಯ ವೈರಿ ಮಿತ್ರ ತಾನೆ! ತುದಿಯ ಸ್ಪಿನ್‌ಗೆ ನೆರೆಯವರು ಒಬ್ಬರೇ ಆದ್ದರಿಂದ ಹಟವನ್ನೆಲ್ಲ ಅವರ ಮೇಲೇ ತೀರಿಸಿಕೊಳ್ಳುತ್ತದೆ. ಅದಕ್ಕೇ ಸರಪಳಿಯ ನಟ್ಟನಡುವೆ ಅಳೆಯುವುದು ಜಾಣತನ.

ಪಕ್ಕದವರ ಮೂರೂ ಘಟಕಗಳನ್ನು ಕೂಡಿದರೆ ಮೈನಸ್ 0.4431. ಹ್ಯಾನ್ಸ್ ಬೆತೆ 1931ರಲ್ಲಿ ಕೊಟ್ಟ ವಿಧಾನ ಹಿಡಿದು ಹುಲ್ತೆನ್ 1938ರಲ್ಲಿ ಕಂಪ್ಯೂಟರಿನ ಹಂಗಿಲ್ಲದೆ ತೆಗೆದ ಉತ್ತರವಿದು. ಬೆತೆ ತಮ್ಮ ಲೇಖನದ ಕೊನೆಗೆ, ಮುಂದಿನದರಲ್ಲಿ ಇದನ್ನು ಹೆಚ್ಚಿನ ಆಯಾಮಗಳಿಗೂ ಹಿಗ್ಗಿಸುತ್ತೇನೆಂದು ಮಾತು ಕೊಟ್ಟಿದ್ದರು. ಆಮೇಲೆ ನಕ್ಷತ್ರಗಳು ಹೇಗೆ ಉರಿಯುತ್ತವೆಂದು ವಿವರಿಸಿ, 1967ರಲ್ಲಿ ನೊಬೆಲ್ಲನ್ನೂ ಪಡೆದರು. ಆ ಮುಂದಿನ ಕಂತು ಮಾತ್ರ ಬರಲೇ ಇಲ್ಲ.

ನಮ್ಮಂಥವರಿಗೆ ಕಂಪ್ಯೂಟರೇ ಗತಿ. ಬರೀ 40 ಸ್ಪಿನ್‌ಗಳ ಸ್ಥಿತಿಯನ್ನು ಪೂರ್ತಿ ಬರೆದಿಡಲು ಒಂದು ಲಕ್ಷ ಕೋಟಿಗೂ ಹೆಚ್ಚು ಸಂಖ್ಯೆಗಳು ಬೇಕು. ಮುಖ್ಯವಾದದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕೈಬಿಡುವ ಉಪಾಯವನ್ನು ಸ್ಟೀವನ್ ವೈಟ್ 1992ರಲ್ಲಿ ಹೇಳಿಕೊಟ್ಟದ್ದರಿಂದ ನೂರು ಸ್ಪಿನ್ ಲ್ಯಾಪ್‌ಟಾಪಿಗೂ ದಕ್ಕುತ್ತವೆ.

ದಕ್ಕಿದ ಮೇಲೂ ವೈ ಘಟಕದ ತಂಟೆಗೆ ಹೋಗಬಾರದು. ಅದರ ಮ್ಯಾಟ್ರಿಕ್ಸಿನೊಳಗೆ ಮೈನಸ್ ಒಂದರ ವರ್ಗಮೂಲ ಅಡಗಿ ಕೂತಿದೆ; ವಾಸ್ತವ ಸಂಖ್ಯೆಗಳಲ್ಲೇ ಸಂಸಾರ ನಡೆಸುವ ಪ್ರೋಗ್ರಾಂ ಅದನ್ನು ಕಂಡರೆ ಮುನಿಯುತ್ತದೆ. ಎಕ್ಸ್ ಆದರೂ ಸಾಧುವೇ? ವೇಗಕ್ಕೆಂದು, ಜೆಡ್‌ನ ಒಟ್ಟು ಮೊತ್ತ ಬದಲಾಗಕೂಡದೆಂದು ಮೊದಲೇ ಕಟ್ಟಳೆ ಹಾಕಿರುತ್ತೇವೆ. ಎಕ್ಸ್ ಒಂಟಿಯಾಗಿ ಬಂದರೆ ಆ ಕಟ್ಟಳೆ ಮುರಿಯುತ್ತದೆ, ಪರದೆಯ ತುಂಬ ಕೆಂಪಕ್ಷರದ ಬೈಗುಳ. ಪಳಗಿದವರು ಒಂದು ಕಡೆ ಸ್ಪಿನ್ ಇಳಿಸಿ, ಇನ್ನೊಂದು ಕಡೆ ಅಷ್ಟೇ ಏರಿಸುವ ಜೋಡಿಯನ್ನು ಅಳೆಯುತ್ತಾರೆ. ಮೊತ್ತ ಅಲುಗುವುದಿಲ್ಲ, ಎಕ್ಸ್-ಎಕ್ಸ್ ಮತ್ತು ವೈ-ವೈ ಕೂಡಿದ ಉತ್ತರವೂ ಕೈಗೆ ಬರುತ್ತದೆ.

ಬ್ಯಾಂಕಿನಲ್ಲಿ ಆಡಿಟ್ ಮಾಡುವ ನಮ್ಮ ಭಾವ ಇಷ್ಟನ್ನೂ ಕೇಳಿ ಅರ್ಥವಾಯಿತೆಂದು ತಲೆಯಾಡಿಸಿದರು. "ಇಲ್ಲಿ ತೆಗೆದು ಅಲ್ಲಿ ಹಾಕೋದು, ಒಟ್ಟು ಲೆಕ್ಕ ಸರಿ ತೋರಿಸೋದು, ಅಷ್ಟೇ ತಾನೆ? ನಮ್ಮಲ್ಲಿ ಇಂಥೋರನ್ನ ಸಸ್ಪೆಂಡ್ ಮಾಡ್ತೀವಿ ಕಣಯ್ಯಾ."