‘ಅಡ್ಜಸ್ಟ್’ ಧಾತುವಿನ ಸ್ವರೂಪ ಮೀಮಾಂಸೆ: ಒಂದು ಪ್ರವೇಶಿಕೆ

ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆಂದೇ ಒಂದು ಪ್ರಕರಣ ಮೀಸಲಿಟ್ಟ. ಆದರೂ ಇಂದು ಬಸ್‌ಸ್ಟ್ಯಾಂಡಿನಿಂದ ವಿಧಾನಸೌಧದವರೆಗೆ ಕರ್ನಾಟಕವನ್ನು ನಡೆಸುತ್ತಿರುವ ಧಾತು ಅವನ ಕಣ್ಣಿಗೆ ಬೀಳಲಿಲ್ಲ. 13ನೇ ಶತಮಾನದವನು, ಕ್ಷಮಿಸೋಣ. ಆ ಲೋಪವನ್ನು ತುಂಬುವ ವಿನಮ್ರ ಯತ್ನವಿದು.

ಮೊದಲು ವ್ಯುತ್ಪತ್ತಿ. ಪೂರ್ವಪಕ್ಷದವರ ವಾದ: ಇದರ ಹೊಟ್ಟೆಯಲ್ಲಿ ‘ಜಸ್ಟ್’ ಇದೆ, ಆದ್ದರಿಂದ ನ್ಯಾಯಕ್ಕೆ ತರುವುದೇ ಅಡ್ಜಸ್ಟ್. ಪಾಪ, ಫ್ರೆಂಚರೇ ಶತಮಾನಗಳ ಹಿಂದೆ ಇಲ್ಲಿ ಎಡವಿದ್ದಾರೆ. ಸಿದ್ಧಾಂತ ಬೇರೆ. ಲ್ಯಾಟಿನ್ನಿನಲ್ಲಿ ‘ಆಡ್’ ಎಂದರೆ ಕಡೆಗೆ, ‘ಯುಕ್ಸ್ತಾ’ ಎಂದರೆ ಪಕ್ಕ. ಅಂದರೆ ಮೂಲದಲ್ಲಿ ನ್ಯಾಯ ಇರಲೇ ಇಲ್ಲ, ಪಕ್ಕಕ್ಕೆ ಒತ್ತರಿಸುವುದಷ್ಟೇ ಇತ್ತು. ಮೂವರ ಸೀಟಿನ ತುದಿಗೆ ಅರ್ಧ ಅಂಡು ಊರಿ ನಮ್ಮನ್ನು ಕಿಟಕಿಗೆ ಅಂಟಿಸುವ ನಾಲ್ಕನೆಯವನು ತನಗರಿವಿಲ್ಲದೆಯೇ ಲ್ಯಾಟಿನ್ ಪಂಡಿತ. ಇನ್ನೂ ಆಳಕ್ಕಿಳಿದರೆ, ಸಂಸ್ಕೃತದ ‘ಯುಜ್’ಗೂ ಇದಕ್ಕೂ ಬೇರು ಒಂದೇ; ‘ಯೋಗ’ ಹುಟ್ಟಿದ್ದೂ ಅಲ್ಲಿಂದಲೇ. ಇದನ್ನು ಓದಿ ಯಾರೂ ಜೂನ್ 21ರಂದು ಬಸ್ಸಿನೊಳಗೆ ಚಾಪೆ ಹಾಸಬಾರದಾಗಿ ವಿನಂತಿ.

ಇನ್ನು ಪ್ರಯೋಗ. ಇಂಗ್ಲಿಷಿನಲ್ಲಿ ಗಡಿಯಾರದ ಮುಳ್ಳನ್ನೋ ಕಾರಿನ ಕನ್ನಡಿಯನ್ನೋ ಅಡ್ಜಸ್ಟ್ ಮಾಡುತ್ತಾರೆ. ಕನ್ನಡದಲ್ಲಿ ಮನುಷ್ಯರನ್ನು. ಇಲ್ಲಿಗೆ ಬಂದಾಗ ಅದಕ್ಕೆ ಊರುಗೋಲಾಗಿ ‘ಮಾಡು’ ಸಿಕ್ಕಿತು, ಆಮೇಲೆ ‘ಕೊಳ್ಳು’ ತಗುಲಿಕೊಂಡಿತು. ‘ಕೊಳ್ಳು’ ಬಂದರೆ ಫಲ ಮಾಡಿದವನಿಗೇ ಸೇರಬೇಕು: ಬಡಿಸಿಕೊಂಡ, ಇಟ್ಟುಕೊಂಡ. ‘ಅಡ್ಜಸ್ಟ್ ಮಾಡ್ಕೊಳ್ಳಿ’ಯಲ್ಲಿ ಮಾತ್ರ ಮಾಡಿಕೊಳ್ಳುವವರು ನಾವು, ಫಲ ಹೇಳಿದವನಿಗೆ. ಈ ಅಪೂರ್ವ ರೂಪಕ್ಕೆ ‘ಪರಾರ್ಥಗರ್ಭಿತ ಆತ್ಮಾರ್ಥಕ’ ಎಂದು ನಾಮಕರಣ ಮಾಡಿದ್ದೇನೆ. ‘ಸ್ವಲ್ಪ’ ಇದರ ನಿತ್ಯೋಪಪದ. ಅದರ ಪ್ರಮಾಣ ಒಂದಿಂಚಿನಿಂದ ಒಂದು ಜೀವಮಾನದವರೆಗೆ.

ಪ್ರಭೇದಗಳು ಐದು. ಒಂದು, ಆಸನಾತ್ಮಕ, ಆಗಲೇ ಹೇಳಿದೆ. ಎರಡು, ಚಿಲ್ಲರಾತ್ಮಕ: ಎರಡು ರೂಪಾಯಿ ಬದಲು ಎರಡು ಚಾಕ್ಲೇಟು. ಮೂರು, ಕಾಲಾತ್ಮಕ. ಒಂದು ವಿಚಾರ ಸಂಕಿರಣಕ್ಕೆ ಇಪ್ಪತ್ತು ನಿಮಿಷದ ಪ್ರಬಂಧ ಬರೆದು ಒಯ್ದಿದ್ದೆ. ಉದ್ಘಾಟಕರು ಎರಡು ಗಂಟೆ ತಡವಾಗಿ ಬಂದು, ‘ಜ್ಞಾನಮೀಮಾಂಸಾತ್ಮಕ ನೆಲೆಯಲ್ಲಿ’ ಎಂದು ಶುರು ಮಾಡಿ ಊಟದ ಹೊತ್ತಿನವರೆಗೂ ಆ ನೆಲೆಯಿಂದ ಕದಲಲಿಲ್ಲ. ಸಂಚಾಲಕರು ನನ್ನ ಕಿವಿಯಲ್ಲಿ, ‘ಸಾರ್, ನೀವು ನಾಲ್ಕು ನಿಮಿಷಕ್ಕೆ ಸ್ವಲ್ಪ...’ ಎಂದರು. ನಾನು ಪ್ರಬಂಧದ ಶೀರ್ಷಿಕೆ ಓದಿ ಇಳಿದೆ. ಈ ಪಾರಿಭಾಷಿಕ ಪದಗಳನ್ನೆಲ್ಲ ಅಂದು ಆ ವೇದಿಕೆಯಿಂದಲೇ ಎತ್ತಿಕೊಂಡು ಬಂದದ್ದು.

ನಾಲ್ಕು, ಗಾರ್ಹಸ್ಥ್ಯಾತ್ಮಕ.

ಅಕ್ಕ ಮದುವೆಯಾದ ಆರನೇ ತಿಂಗಳಿಗೆ ಸೂಟ್‌ಕೇಸ್ ಹಿಡಿದು ತವರಿಗೆ ಬಂದಳು. ಮೊಣಕೈ ಮೇಲೆ ಬಾಸುಂಡೆ ಇತ್ತು. ಅಪ್ಪ, ಸೋದರಮಾವ, ಮದುವೆ ಕುದುರಿಸಿದವರು ಹಜಾರದಲ್ಲಿ ಕೂತು ಒಬ್ಬೊಬ್ಬರಾಗಿ ಹೇಳಿದ್ದು ಒಂದೇ ಮಾತು: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ.’ ಭಾವನಿಗೆ ಹೇಳಿಕಳಿಸಲು ಅವರ ಯಾರ ವ್ಯಾಕರಣದಲ್ಲೂ ಒಂದು ಧಾತು ಇರಲಿಲ್ಲ. ಥೂ. ಬಾಸುಂಡೆಗೆ ಯಾವ ವಿಭಕ್ತಿ ಹಚ್ಚುತ್ತೀರಿ?

ಐದನೆಯದು ಬೇಡ, ಬಿಡಿ.

ಮರುದಿನ ಅವಳನ್ನು ಬಸ್ ಹತ್ತಿಸಲು ಹೋದವನು ನಾನೇ. ಕಾಲಿಡಲು ಜಾಗವಿರಲಿಲ್ಲ. ಕೂತಿದ್ದ ಮೂವರಿಗೆ ಅದೇ ಮಾತು ಹೇಳಿ ತುದಿಯಲ್ಲಿ ಗೇಣಗಲ ಜಾಗ ಮಾಡಿಸಿದೆ. ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಅಲ್ಲೇ ಕೂತಳು.