ಹಸಿರು ವಲಯದ ಓಬವ್ವಂದಿರು

2020ರ ಏಪ್ರಿಲ್ ಕೊನೆಗೆ ಕೇಂದ್ರ ಸರ್ಕಾರ ಕೊರೊನಾ ಸೋಂಕಿನ ಲೆಕ್ಕದಲ್ಲಿ ಜಿಲ್ಲೆಗಳಿಗೆ ಕೆಂಪು, ಕಿತ್ತಳೆ, ಹಸಿರು ಅಂತ ಬಣ್ಣ ಹಂಚಿದಾಗ ನಮ್ಮ ಚಿತ್ರದುರ್ಗಕ್ಕೆ ಸಿಕ್ಕಿದ್ದು ಹಸಿರು. ಮಳೆರಾಯ ಕೊಡದ ಬಣ್ಣವನ್ನು ದೆಹಲಿಯವರು ಕೊಟ್ಟರಲ್ಲ ಅಂತ ಹೊಳಲ್ಕೆರೆಯ ನಮ್ಮ ಮಾವ ಬೀಗಿದ್ದೇ ಬೀಗಿದ್ದು.

ಆ ಬಣ್ಣ ಉಳಿಸಿಕೊಳ್ಳುವ ಹೊಣೆ ಅಜ್ಜಿಯರ ಹೆಗಲೇರಿತು. ಹೈದರಾಲಿಯ ಸೈನಿಕರನ್ನು ಕೋಟೆಯ ಕಿಂಡಿಯಲ್ಲಿ ತಡೆದವಳು ಒಬ್ಬಳೇ ಓಬವ್ವ; ಕೊರೊನಾ ಕಾಲದಲ್ಲಿ ಹೊಸದುರ್ಗದ ಕಡೆ ಜಗಲಿಗೊಬ್ಬ ಓಬವ್ವ. ರಸ್ತೆಗೆ ಅಡ್ಡ ಜಾಲಿಮುಳ್ಳು. ಅದರಾಚೆ ಬೆಂಗಳೂರಿಂದ ಬೈಕಿನಲ್ಲಿ ಬಂದ ಹುಡುಗ.

"ಎಲ್ಲಿಂದ ಬಂದ್ಯೋ?"

"ನಾನು ಕಣಜ್ಜಿ, ನಿನ್ ಮೊಮ್ಮಗ!"

"ಯಾರು ಅಂತ ಕೇಳ್ಲಿಲ್ಲ, ಎಲ್ಲಿಂದ ಅಂದೆ."

"ಹಿರಿಯೂರಿಂದ."

ಪೂರ್ತಿ ಸುಳ್ಳೇನಲ್ಲ, ಹೆದ್ದಾರಿ ಹಿರಿಯೂರಿನ ಮೇಲೇ ಬರುತ್ತದೆ. ಅಜ್ಜಿ ಮಾತ್ರ ಜಗ್ಗಲಿಲ್ಲ. ತೋಟದ ಪಂಪ್‌ಸೆಟ್ ಮನೆಯಲ್ಲಿ 14 ದಿನ ಅಂತ ತೀರ್ಪಾಯಿತು. ಆದರೆ ಹೊತ್ತು ಹೊತ್ತಿಗೆ ಮುದ್ದೆ, ಸೊಪ್ಪಿನ ಸಾರು ಬೇಲಿ ದಾಟುತ್ತಿದ್ದವು. ಎರಡನೇ ವಾರಕ್ಕೆ ಕೋಳಿಯೂ ದಾಟಿತು. ಹುಡುಗ ಹೊರಬಂದಾಗ ಪ್ಯಾಂಟಿನ ಗುಂಡಿ ಹತ್ತುತ್ತಿರಲಿಲ್ಲ.

ಪೇಟೆಯ ಕಥೆ ಬೇರೆ. ದಿನಸಿ ಅಂಗಡಿ ಮುಂದೆ ಬರೆದ ಸುಣ್ಣದ ವೃತ್ತಗಳಲ್ಲಿ ಚಪ್ಪಲಿ, ಚೀಲಗಳು ಅಂತರ ಕಾಪಾಡಿಕೊಂಡು ನಿಂತಿರುತ್ತಿದ್ದವು. ಅವುಗಳ ಒಡೆಯರು ಪಕ್ಕದ ನೆರಳಲ್ಲಿ ಒತ್ತೊತ್ತಾಗಿ ಕೂತು ಸೋಂಕಿನ ಬಗ್ಗೆ ಚರ್ಚಿಸುತ್ತಿದ್ದರು. ಮೇ 4ಕ್ಕೆ ಮದ್ಯದಂಗಡಿ ತೆರೆದ ದಿನ ಮಾತ್ರ ಯಾರೂ ವೃತ್ತ ಬಿಟ್ಟು ಕದಲಲಿಲ್ಲ.

ನಮ್ಮ ಮಾವನೂ ಮಾಸ್ಕ್ ಬಿಡುವವರಲ್ಲ. ಸೀನು ಬಂದಾಗಷ್ಟೇ ಕೆಳಗಿಳಿಸುತ್ತಿದ್ದರು. ಯಾಕೆ ಮಾವ ಅಂದರೆ, "ಹೊಸದು ಕಣೋ, ಗಲೀಜಾಗಲ್ವಾ?"