ಪಟ್ಟಿಯಲ್ಲಿಲ್ಲದ ಗಾಡಿ

ಮುಂಬಯಿಯ ಮುಲುಂಡ್ ನಿಲ್ದಾಣಕ್ಕೆ ಬರುವ ಲೋಕಲ್ ಗಾಡಿಯು ಸಾಧಾರಣವಾಗಿರಬೇಕು, ಇಲ್ಲವೇ ಲೇಡೀಸ್ ಸ್ಪೆಷಲ್ ಆಗಿರಬೇಕು, ತೃತೀಯ ಪ್ರಭೇದವು ಸೃಷ್ಟಿಯಲ್ಲೇ ಇಲ್ಲವೆಂದು ದೃಢವಾಗಿ ನಂಬಿ, ತನ್ನ ಆ್ಯಪಿನ ಎಣಿಕೆಯ ಪಟ್ಟಿಗೆ (enum) ಬೀಗಮುದ್ರೆಯೊತ್ತಿದ ತಂತ್ರಾಂಶಕಾರನ ಆತ್ಮವಿಶ್ವಾಸಕ್ಕೆ, 2020ರ ಡಿಸೆಂಬರಿನಲ್ಲಿ ಮಧ್ಯ ರೈಲ್ವೆಯ ಮುಖ್ಯಮಾರ್ಗಕ್ಕಿಳಿದ ಎ.ಸಿ. ಲೋಕಲ್ಲು ತಣ್ಣೀರೆರಚಿತೆನ್ನಬೇಕು.

‘ಎ.ಸಿ.’ಯಂಥ ಅಪರಿಚಿತ ಮೌಲ್ಯವನ್ನು ಕಂಡೊಡನೆ ಮೂರ್ಛೆಹೋಗುವ ಆ್ಯಪು ಕ್ಷಮಾರ್ಹವೇ ಸರಿ. ಆದರೆ ತಿಳಿಯದ್ದೆಲ್ಲವೂ ‘ಸಾಧಾರಣ’ವೆಂದು ತೀರ್ಮಾನಿಸುವ ಮಹಾಜಾಣ ಆ್ಯಪನ್ನು ನಂಬಿ, ಸಾಧಾರಣ ಟಿಕೆಟಿನೊಡನೆ ಒಳಹೊಕ್ಕು ತಂಗಾಳಿಯನ್ನು ಸವಿಯುತ್ತಿರುವ ಪ್ರಯಾಣಿಕ ರಾಯರೆದುರು ಟಿ.ಸಿ. ಮಹಾಶಯನು ಪ್ರತ್ಯಕ್ಷನಾದಾಗ, ದಂಡ ತೆರುವವನು ತಂತ್ರಾಂಶಕಾರನಲ್ಲವಷ್ಟೆ!

ಆದುದರಿಂದ ಇಂಥ ಆ್ಯಪುಗಳಿಗೆ ಎಸ್‌ಡಿಕೆ (ತಂತ್ರಾಂಶ ರಚನೆಯ ಸಲಕರಣೆ) ರಚಿಸುವ ಮಹನೀಯರೇ, ಪಟ್ಟಿಯ ಕೊನೆಯಲ್ಲಿ ‘ಅಜ್ಞಾತ’ಕ್ಕೊಂದು ಆಸನವನ್ನು ಕಾದಿರಿಸಿರಿ, ಸರ್ವರ್ ಕಳುಹಿದ ಮೂಲಪದವನ್ನು ಅಳಿಸದೆ, ಬದಲಿಸದೆ, ಇದ್ದಂತೆಯೇ ಮುಂದಕ್ಕೆ ದಾಟಿಸಿರಿ. ಓದಿಕೊಳ್ಳುವಷ್ಟು ಅಕ್ಷರಜ್ಞಾನ ನಮ್ಮ ರಾಯರಿಗುಂಟು.